ಟ್ರೈಲರ್ ಎಳೆಯಲು ಡೀಸೆಲ್ಲೋ ಪೆಟ್ರೋಲೋ: ಟ್ರೈಲರ್ ಇಲ್ಲದ ದಿನಗಳ ಲೆಕ್ಕ

"ಭಾರ ಎಳೆಯಬೇಕೆಂದರೆ ಡೀಸೆಲ್ಲೇ ಸರಿ" ಎನ್ನುವುದು ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್‌ಗಳ ಕಾಲದ ಮಾತು. ಆಗ ಅದು ನಿಜವೂ ಆಗಿತ್ತು. ಈಗ ಒಂದೇ ಗಾಡಿ ಎರಡೂ ಎಂಜಿನ್‌ನಲ್ಲಿ ಬರುವ ಕಡೆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಟೊಯೊಟ ಲ್ಯಾಂಡ್ ಕ್ರೂಸರ್ 300ರ 3.3 ಲೀಟರ್ ಡೀಸೆಲ್ ಎಂಜಿನ್ 1600ರಿಂದ 2600 ಆರ್‌ಪಿಎಂವರೆಗೆ 700 ಎನ್‌ಎಂ (ನ್ಯೂಟನ್-ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಅದೇ ಗಾಡಿಯ 3.5 ಲೀಟರ್ ಅವಳಿ ಟರ್ಬೊ ಪೆಟ್ರೋಲ್ ಎಂಜಿನ್ 2000ದಿಂದ 3600ರವರೆಗೆ 650 ಎನ್‌ಎಂ ಕೊಡುತ್ತದೆ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೊವಾಟ್ ಸಿಗುತ್ತದೆ. 2000 ಆರ್‌ಪಿಎಂನಲ್ಲಿ ಡೀಸೆಲ್‌ಗೆ 147, ಪೆಟ್ರೋಲ್‌ಗೆ 136. ಹಿಂದೆ ಕಟ್ಟಿದ ಟ್ರೈಲರ್‌ಗೆ ಈ ವ್ಯತ್ಯಾಸ ಹೆಚ್ಚುಕಮ್ಮಿ ಗೊತ್ತೇ ಆಗುವುದಿಲ್ಲ.

ಹಾಗಂತ ಎರಡೂ ಒಂದೇ ಅಲ್ಲ. ವ್ಯತ್ಯಾಸ ಟಾರ್ಕ್ ಬಿಟ್ಟು ಬೇರೆ ಕಡೆ ಇದೆ: ಭಾರ ಬಿದ್ದಾಗ ಎಷ್ಟು ಇಂಧನ ಕುಡಿಯುತ್ತದೆ, ಶಾಖ ಎಲ್ಲಿ ಸೇರುತ್ತದೆ, ಇಳಿಜಾರಿನಲ್ಲಿ ಎಷ್ಟು ತಡೆಯುತ್ತದೆ, ಮಸಿ ಎಲ್ಲಿ ಕೂರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಟ್ರೈಲರ್ ಬಿಚ್ಚಿಟ್ಟ ಮೇಲೆ ಆ ಗಾಡಿ ಏನು ಮಾಡುತ್ತದೆ ಎನ್ನುವುದು. ಸ್ವಂತಕ್ಕೆ ಗಾಡಿ ಇಟ್ಟುಕೊಂಡವರಲ್ಲಿ ಹೆಚ್ಚಿನವರು ವರ್ಷದ ಬಹುಪಾಲು ದಿನ ಖಾಲಿ ಓಡಿಸುತ್ತಾರೆ. ನನ್ನ ಮಟ್ಟಿಗೆ ಎಂಜಿನ್ ಯಾವುದು ಎಂದು ತೀರ್ಮಾನಿಸಬೇಕಾದದ್ದು ಆ ಖಾಲಿ ದಿನಗಳೇ.

ಏರಿನಲ್ಲಿ ನಿಜಕ್ಕೂ ಎಷ್ಟು ಶಕ್ತಿ ಬೇಕು

ಜನ, ಸಾಮಾನು ಸೇರಿ 2500 ಕೆ.ಜಿ.ಯ ಗಾಡಿ, ಹಿಂದೆ 2000 ಕೆ.ಜಿ.ಯ ಕ್ಯಾರವಾನ್ (ಒಳಗೆ ವಾಸಿಸಬಹುದಾದ ಟ್ರೈಲರ್), ಒಟ್ಟು 4500 ಕೆ.ಜಿ. ಎಂದುಕೊಳ್ಳಿ. ನೂರು ಮೀಟರ್‌ಗೆ ಆರು ಮೀಟರ್ ಏರುವ, ಅಂದರೆ ಶೇ 6ರ ಚಡಾವಿನಲ್ಲಿ ಗಂಟೆಗೆ 80 ಕಿ.ಮೀ. ಹಿಡಿದಿಡಬೇಕು. ಗುರುತ್ವ ಹಿಂದಕ್ಕೆ ಎಳೆಯುವ ಬಲ ಸುಮಾರು 2650 ನ್ಯೂಟನ್. ಟೈರ್‌ಗಳ ಉರುಳು ತಡೆ 530. ಎದೆಯೆತ್ತಿ ನಿಂತ ಕ್ಯಾರವಾನ್ ಗಾಳಿಯನ್ನು ಸೀಳಲು ಇನ್ನೊಂದು ಸಾವಿರದಷ್ಟು. ಎಲ್ಲ ಸೇರಿ 4200 ನ್ಯೂಟನ್. ಅದನ್ನು ಸೆಕೆಂಡಿಗೆ 22.2 ಮೀಟರ್ ವೇಗದಿಂದ ಗುಣಿಸಿದರೆ ಚಕ್ರದಲ್ಲಿ 93 ಕಿಲೊವಾಟ್ ಬೇಕು. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ನುಂಗುವುದನ್ನೂ ಸೇರಿಸಿದರೆ ಎಂಜಿನ್‌ನಿಂದ ಸುಮಾರು 106 ಕಿಲೊವಾಟ್, ಅಂದರೆ 142 ಬಿಎಚ್‌ಪಿ. ಅದೇ ಜೋಡಿ ಸಮತಟ್ಟು ರಸ್ತೆಯಲ್ಲಿ ಅದೇ ವೇಗಕ್ಕೆ ಕೇಳುವುದು ಬರೀ 40 ಕಿಲೊವಾಟ್.

400 ಎನ್‌ಎಂನ ನಾಲ್ಕು ಸಿಲಿಂಡರ್ ಡೀಸೆಲ್ ಈ 106 ಕಿಲೊವಾಟನ್ನು ಸುಮಾರು 2550 ಆರ್‌ಪಿಎಂನಲ್ಲಿ ಕೊಡುತ್ತದೆ. 380 ಎನ್‌ಎಂನ ಟರ್ಬೊ ಪೆಟ್ರೋಲ್‌ಗೆ 2700 ಬೇಕು. ಒಂದು ಗೇರಿನ ವ್ಯತ್ಯಾಸವೂ ಇಲ್ಲ. ಟರ್ಬೊ ಇಲ್ಲದ ವಿ6 ಪೆಟ್ರೋಲ್ ಮಾತ್ರ ಎರಡು ಗೇರ್ ಇಳಿದು 3300–3500ಕ್ಕೆ ಏರಬೇಕು. ಆ ಸದ್ದಿಗೆ ಒಳಗೆ ಕೂತವರು ಗಾಬರಿಯಾಗುತ್ತಾರೆ, ಎಂಜಿನ್‌ಗೆ ಏನೂ ಆಗುವುದಿಲ್ಲ. ಅದು ಇರುವುದೇ ಹಾಗೆ ಓಡಲಿಕ್ಕೆ. ಆಕ್ಸಿಲರೇಟರ್ ಬಿಟ್ಟು, ಗೇರ್ ಏರಿಸಿ, ಎಂಜಿನ್ ಗೊರಗೊರ ಎನ್ನುತ್ತ ಹತ್ತುವಂತೆ ಮಾಡುವುದೇ ತಪ್ಪು.

ಟರ್ಬೊ ಇಲ್ಲದ ಎಂಜಿನ್‌ಗೆ ಇನ್ನೊಂದು ಕೊರತೆ ಎತ್ತರದ್ದು. ಸಮುದ್ರಮಟ್ಟದಿಂದ ಪ್ರತಿ 1000 ಮೀಟರ್‌ಗೆ ಸುಮಾರು ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 2000 ಮೀಟರ್ ಎತ್ತರದ ಘಟ್ಟ ದಾಟುವಾಗ ಐದರಲ್ಲಿ ಒಂದು ಪಾಲು ಇರುವುದೇ ಇಲ್ಲ. ಟರ್ಬೊ ಇದ್ದರೆ ಡೀಸೆಲ್ ಇರಲಿ ಪೆಟ್ರೋಲ್ ಇರಲಿ, ಗಾಳಿಯ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಬೆಟ್ಟದ ದಾರಿ ಹೆಚ್ಚಿರುವವರು ಡೀಸೆಲ್ಲೋ ಪೆಟ್ರೋಲೋ ಎಂದು ಕೇಳುವ ಮೊದಲು ಟರ್ಬೊ ಇದೆಯೋ ಇಲ್ಲವೋ ಎಂದು ಕೇಳಬೇಕು.

ಇಂಧನ: ವ್ಯತ್ಯಾಸ ಬಯಲಾಗುವ ಜಾಗ

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದ್ದರೆ ಪೆಟ್ರೋಲ್‌ನಲ್ಲಿ 32. ಎಥನಾಲ್ ಬೆರೆತರೆ ಇನ್ನೂ ಕಮ್ಮಿ: ಶೇ 10 ಎಥನಾಲ್ ಇರುವ ಇ10ಗೆ ಶೇ 3–4, ಶೇ 20 ಇರುವ ಇ20ಗೆ ಶೇ 7ರ ಆಸುಪಾಸು ಇಳಿಯುತ್ತದೆ. ಇದರ ಮೇಲೆ ಡೀಸೆಲ್ ಎಂಜಿನ್‌ನ ಕಂಪ್ರೆಷನ್ ಅನುಪಾತ (ಸಿಲಿಂಡರಿನಲ್ಲಿ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) 15ರಿಂದ 18, ಟರ್ಬೊ ಪೆಟ್ರೋಲ್‌ನದು 10ರ ಸುತ್ತಮುತ್ತ. ಅದೇ ಇಂಧನದಿಂದ ಹೆಚ್ಚು ಕೆಲಸ ತೆಗೆಯುವುದು ಡೀಸೆಲ್.

ಆದರೆ ಎಳೆಯುವಾಗ ಪೆಟ್ರೋಲ್ ಗಾಡಿಯ ಟ್ಯಾಂಕ್ ಕಣ್ಣೆದುರೇ ಖಾಲಿಯಾಗುವುದಕ್ಕೆ ಮೂರನೆಯ ಕಾರಣವೊಂದಿದೆ, ಅದನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿಗೆ ಒಂದು ಪಾಲು ಇಂಧನ ಸಾಕು. ಉದ್ದದ ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಇಟ್ಟರೆ ಹೊಗೆಯ ಶಾಖ 900–950 ಡಿಗ್ರಿ ಸೆಲ್ಸಿಯಸ್ ದಾಟಲು ನೋಡುತ್ತದೆ. ಟರ್ಬೊದ ಟರ್ಬೈನ್, ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ ಎರಡಕ್ಕೂ ಅದು ಮಿತಿ. ಹಾಗಾಗಿ ಕಂಪ್ಯೂಟರ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತದೆ. ಆ ಹೆಚ್ಚುವರಿ ಪೆಟ್ರೋಲ್ ಉರಿಯಲಿಕ್ಕಲ್ಲ, ಆವಿಯಾಗಿ ತಂಪು ಮಾಡಲಿಕ್ಕೆ. ಎಂಜಿನ್ ಉಳಿಸಲು ಹಣ ಹೊಗೆಕೊಳವೆಯಲ್ಲಿ ಹೋಗುತ್ತದೆ. ಹೊಸ ಎಂಜಿನ್‌ಗಳಲ್ಲಿ ಸಿಲಿಂಡರ್‌ಗಳ ಹೊಗೆ ಒಟ್ಟುಗೂಡಿಸುವ ಎಗ್ಸಾಸ್ಟ್ ಮ್ಯಾನಿಫೋಲ್ಡನ್ನು ಸಿಲಿಂಡರ್ ಹೆಡ್ಡಿನೊಳಗೇ ಕೂರಿಸಿ, ಸುತ್ತ ಕೂಲೆಂಟ್ ಹರಿಸಿ ಇದನ್ನು ಕಡಿಮೆ ಮಾಡಿದ್ದಾರೆ. ಆಗ ಆ ಶಾಖ ರೇಡಿಯೇಟರ್ ಪಾಲಿಗೆ ಬರುತ್ತದೆ ಅಷ್ಟೆ. ಡೀಸೆಲ್ ಯಾವಾಗಲೂ ಹೆಚ್ಚು ಗಾಳಿಯಲ್ಲೇ ಉರಿಯುವುದರಿಂದ ಅದರ ಹೊಗೆ ಅಷ್ಟು ಬಿಸಿಯೇರುವುದಿಲ್ಲ, ಇಂಥ ದಂಡವೂ ಇಲ್ಲ.

ಮೇಲಿನ 4500 ಕೆ.ಜಿ. ಜೋಡಿಗೆ ಲೆಕ್ಕ ಹಾಕಿದರೆ, ಸಮತಟ್ಟಿನಲ್ಲಿ 80 ಕಿ.ಮೀ. ವೇಗಕ್ಕೆ ಡೀಸೆಲ್ 100 ಕಿ.ಮೀ.ಗೆ 14 ಲೀಟರ್ ಆಸುಪಾಸು, ಟರ್ಬೊ ಪೆಟ್ರೋಲ್ 18 ಲೀಟರ್ ಆಸುಪಾಸು ತೆಗೆದುಕೊಳ್ಳುತ್ತವೆ. ಶೇ 6ರ ಏರಿನಲ್ಲಿ ಡೀಸೆಲ್ 35ಕ್ಕೆ, ಪೆಟ್ರೋಲ್ 50ಕ್ಕೆ ಮುಟ್ಟುತ್ತದೆ. ಏರು ಕೆಲವೇ ಕಿಲೋಮೀಟರ್ ಇರುವುದರಿಂದ ಕೊನೆಗೆ ಸರಾಸರಿ ಅಂತರ 4–5 ಲೀಟರ್‌ನಲ್ಲಿ ನಿಲ್ಲುತ್ತದೆ.

ಹಣಕ್ಕಿಂತ ಹೆಚ್ಚಾಗಿ ಇದು ಕಾಡುವುದು ಬಂಕಿನಲ್ಲಿ. 80 ಲೀಟರ್ ಟ್ಯಾಂಕಿನಲ್ಲಿ 10 ಲೀಟರ್ ಉಳಿಸಿಕೊಂಡು ಹೊರಟರೆ ಡೀಸೆಲ್ ಗಾಡಿ 500 ಕಿ.ಮೀ. ಹೋಗುತ್ತದೆ, ಪೆಟ್ರೋಲ್ 390ರಲ್ಲೇ ಬಂಕ್ ಹುಡುಕುತ್ತದೆ. ಹದಿಮೂರು ಮೀಟರ್ ಉದ್ದದ ಜೋಡಿಯನ್ನು ಕಾರುಗಳಿಗೆಂದು ಕಟ್ಟಿದ ಪಂಪ್‌ಗಳ ನಡುವೆ ತಿರುಗಿಸಿ ನೋಡಿದವರಿಗೆ ಈ 110 ಕಿಲೋಮೀಟರ್‌ನ ಬೆಲೆ ಗೊತ್ತು. ಡೀಸೆಲ್‌ನವರಾದರೆ ಲಾರಿಗಳ ಸಾಲಿಗೆ ಹೋಗಬಹುದು. ಅಲ್ಲಿ ಜಾಗ ಇರುತ್ತದೆ, ಆದರೆ ಕೆಲವು ಕಡೆ ಲಾರಿ ಪಂಪಿನ ನಳಿಕೆ ದಪ್ಪವಿದ್ದು ಕಾರಿನ ಟ್ಯಾಂಕ್ ಬಾಯಿಗೆ ಹಿಡಿಸುವುದಿಲ್ಲ.

ಡೀಸೆಲ್ ಮಾದರಿಗೆ ಕೊಡುವ ಹೆಚ್ಚುವರಿ ಹಣ ವಾಪಸ್ ಬರುತ್ತದೋ ಇಲ್ಲವೋ ನೋಡಲು ಆ ಹಣವನ್ನು ಲೀಟರ್‌ಗೆ ಬದಲಾಯಿಸಿ. ಎರಡೂ ಇಂಧನದ ದರ ಸಮ ಎಂದಿಟ್ಟುಕೊಂಡು, ಬೆಲೆಯ ಅಂತರ 2500 ಲೀಟರ್ ಇಂಧನಕ್ಕೆ ಸಮ ಎನ್ನೋಣ. ಟ್ರೈಲರ್ ಇದ್ದಾಗ 100 ಕಿ.ಮೀ.ಗೆ 4 ಲೀಟರ್, ಖಾಲಿ ಓಡುವಾಗ 2.5 ಲೀಟರ್ ಉಳಿತಾಯ. ವರ್ಷಕ್ಕೆ 12,000 ಕಿ.ಮೀ. ಓಡಿಸಿ ಅದರಲ್ಲಿ 3000 ಮಾತ್ರ ಎಳೆಯುವವರಿಗೆ 345 ಲೀಟರ್ ಉಳಿಯುತ್ತದೆ. ಆಡ್‌ಬ್ಲೂ (ಡೀಸೆಲ್ ಹೊಗೆ ಶುದ್ಧಮಾಡಲು ಬೇಕಾದ ದ್ರವ), ಇಂಧನ ಫಿಲ್ಟರ್ ಖರ್ಚಿಗೆ 45 ಲೀಟರ್ ಕಳೆದರೆ 300. ಹಣ ಹಿಂತಿರುಗಲು ಎಂಟು ವರ್ಷ ದಾಟುತ್ತದೆ. 25,000 ಓಡಿಸಿ 12,000 ಎಳೆಯುವವರಿಗೆ 805ರಲ್ಲಿ 80 ಕಳೆದು 725, ಅಂದರೆ ಮೂರೂವರೆ ವರ್ಷಕ್ಕೂ ಮೊದಲೇ. ನಿಮ್ಮಲ್ಲಿ ಎರಡರ ದರ ಬೇರೆ ಬೇರೆ ಇದ್ದರೆ ಮೊದಲು ಪ್ರತಿ ಕಿಲೋಮೀಟರ್ ಖರ್ಚು ತೆಗೆದು ಆಮೇಲೆ ಕಳೆಯಿರಿ, ಲೀಟರ್‌ನಿಂದ ಲೀಟರ್ ಕಳೆಯಬೇಡಿ.

ಮಸಿಯ ಕಥೆ

ಡೀಸೆಲ್ ಬೇಡ ಎನ್ನಲು ಗಟ್ಟಿ ಕಾರಣವಿದ್ದರೆ ಅದು ಇಲ್ಲಿದೆ. ಹೊಗೆಯ ದಾರಿಯಲ್ಲಿ ಕೂತಿರುವ ಡಿಪಿಎಫ್ ಎಂಬ ಫಿಲ್ಟರ್ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಭಾರ ಎಳೆಯುವಾಗ ಹೊಗೆ ಬಿಸಿಯಿರುವುದರಿಂದ ಮಸಿ ತಾನಾಗಿಯೇ ನಿಧಾನಕ್ಕೆ ಉರಿದು ಹೋಗುತ್ತಿರುತ್ತದೆ. ಊರೊಳಗೆ ಐದು ಕಿ.ಮೀ. ಹೋಗಿ ನಿಲ್ಲಿಸುವ ಓಡಾಟದಲ್ಲಿ ಆ ಶಾಖ ಬರುವುದೇ ಇಲ್ಲ. ಮಸಿ ಒಂದು ಮಟ್ಟ ಮುಟ್ಟಿದಾಗ ಕಂಪ್ಯೂಟರ್ ಪಿಸ್ಟನ್ ಕೆಳಗಿಳಿಯುವ ಹೊತ್ತಿಗೆ ತಡವಾಗಿ ಸ್ವಲ್ಪ ಡೀಸೆಲ್ ಚಿಮ್ಮಿಸಿ, ಫಿಲ್ಟರನ್ನು 600 ಡಿಗ್ರಿ ಆಸುಪಾಸಿಗೆ ಕಾಯಿಸಿ ಸುಡುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. 10ರಿಂದ 20 ನಿಮಿಷದ ಕೆಲಸ.

ಅದು ನಡೆಯುತ್ತಿದೆ ಎಂದು ಬಹಳ ಗಾಡಿಗಳಲ್ಲಿ ದೀಪ ಹತ್ತಿ ಹೇಳುವುದಿಲ್ಲ. ಗಮನಿಸಿದರೆ ಗೊತ್ತಾಗುತ್ತದೆ: ನಿಂತಲ್ಲಿ 750 ಇರುತ್ತಿದ್ದ ಆರ್‌ಪಿಎಂ 900–1000ಕ್ಕೆ ಏರಿರುತ್ತದೆ, ಆ ಕ್ಷಣದ ಇಂಧನ ಬಳಕೆ ಇದ್ದಕ್ಕಿದ್ದಂತೆ ಜಾಸ್ತಿ ತೋರಿಸುತ್ತದೆ, ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗುವುದು ನಿಲ್ಲುತ್ತದೆ, ಗಾಡಿ ನಿಲ್ಲಿಸಿದ ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಬಿಸಿ ಲೋಹದ ವಾಸನೆ ಬರುತ್ತದೆ. ಆಗ ಕೀ ತೆಗೆದರೆ ಕೆಲಸ ಅರ್ಧಕ್ಕೆ ನಿಂತಂತೆ. ಮನೆ ಮುಟ್ಟಿದ್ದರೂ ಇನ್ನೊಂದು ಹತ್ತು ನಿಮಿಷ ಓಡಿಸಿ ಬರುವುದು ಒಳ್ಳೆಯದು.

ಪದೇ ಪದೇ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದು ಡಿಪ್‌ಸ್ಟಿಕ್‌ನಲ್ಲಿ ಕಾಣುತ್ತದೆ. ತಡವಾಗಿ ಚಿಮ್ಮಿದ ಡೀಸೆಲ್‌ನಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಯ ಮೇಲಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಕಡ್ಡಿ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿರುತ್ತದೆ, ನೀರುನೀರಾಗಿರುತ್ತದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಟಿಶ್ಯೂ ಕಾಗದದ ಮೇಲೆ ಒಂದು ಹನಿ ಇಟ್ಟರೆ ನಡುವೆ ಕಪ್ಪು ಚುಕ್ಕಿ ನಿಂತು, ಸುತ್ತ ಅಗಲವಾದ ತೆಳು ಎಣ್ಣೆಯ ಬಳೆ ಹರಡುತ್ತದೆ. ಅಂಥ ಆಯಿಲ್‌ನಲ್ಲಿ ಓಡಿದರೆ ಮೊದಲು ಸವೆಯುವುದು ಟರ್ಬೊ ಮತ್ತು ಕ್ರ್ಯಾಂಕಿನ ಬೇರಿಂಗ್‌ಗಳು. ಆಯಿಲ್ ಮಟ್ಟ ಇಳಿಯದಿದ್ದರೆ ಸಂತೋಷಪಡುವುದು ಪೆಟ್ರೋಲ್ ಎಂಜಿನ್‌ನವರಿಗೆ ಬಿಟ್ಟದ್ದು, ಡೀಸೆಲ್‌ನವರು ಏರಿದರೂ ಚಿಂತಿಸಬೇಕು. ಆಯಿಲ್ ಆರಿಸುವಾಗಲೂ ಮ್ಯಾನುಯಲ್‌ನಲ್ಲಿ ಹೇಳಿದ ಕಡಿಮೆ ಬೂದಿಯ ದರ್ಜೆಯನ್ನೇ, ಉದಾಹರಣೆಗೆ ಎಸಿಇಎ ಸಿ3, ಹಾಕಬೇಕು. ಮಸಿ ಉರಿಯುತ್ತದೆ, ಆಯಿಲ್‌ನಿಂದ ಬಂದ ಬೂದಿ ಉರಿಯುವುದಿಲ್ಲ. ಅದು ಫಿಲ್ಟರಿನಲ್ಲೇ ಉಳಿದು ಕೊನೆಗೆ ಫಿಲ್ಟರನ್ನೇ ಬಿಚ್ಚಿ ತೊಳೆಸುವ ಅಥವಾ ಬದಲಿಸುವ ಖರ್ಚು ತರುತ್ತದೆ.

ಒಂದಿಷ್ಟು ಹೊಗೆಯನ್ನು ತಂಪುಮಾಡಿ ಎಂಜಿನ್‌ಗೆ ವಾಪಸ್ ಕಳಿಸುವ ಇಜಿಆರ್ ಕೂಲರ್, ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್ ಮಸಿ ಕಟ್ಟಿ ಕಿರಿದಾಗುವುದೂ ಇದೇ ಸಣ್ಣ ಓಡಾಟದ ಫಲ. ಆಡ್‌ಬ್ಲೂ ವಿಷಯ ಇಷ್ಟೇ: ನೀರಿನಲ್ಲಿ ಶೇ 32.5 ಯೂರಿಯಾ ಇರುವ ದ್ರವ, ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಎಳೆಯುವಾಗ ಖಾಲಿ ಓಡುವಾಗಿನದಕ್ಕಿಂತ ಬೇಗ ಖರ್ಚಾಗುತ್ತದೆ. ಪೂರ್ತಿ ಮುಗಿದ ಮೇಲೆ ಎಂಜಿನ್ ಆಫ್ ಮಾಡಿದರೆ ಹಲವು ಗಾಡಿಗಳು ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ. ಉದ್ದ ಪ್ರಯಾಣಕ್ಕೆ ಮುಚ್ಚಳ ಒಡೆಯದ ಒಂದು ಐದು ಲೀಟರ್ ಡಬ್ಬ ಜೊತೆಗಿರಲಿ. ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದವರೂ ಇದ್ದಾರೆ. ಹಾಗಾದರೆ ಕೀಯನ್ನು ಮುಟ್ಟಲೇಬೇಡಿ, ಟ್ಯಾಂಕ್ ಇಳಿಸಿ ತೊಳೆಸಬೇಕು. ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಹಾಕಿದರೂ ಇದೇ ನಿಯಮ, ಏಕೆಂದರೆ 2000 ಬಾರ್ ಒತ್ತಡ ಎಬ್ಬಿಸುವ ಪಂಪಿಗೆ ಜಾರುಗುಣ ಸಿಗುವುದು ಡೀಸೆಲ್‌ನಿಂದಲೇ. ಪೆಟ್ರೋಲ್ ಸಿಕ್ಕರೆ ಪಂಪ್ ಒಣಗಿ ಉಜ್ಜಿ, ಲೋಹದ ಪುಡಿಯನ್ನು ಇಂಜೆಕ್ಟರ್‌ಗಳಿಗೆ ಕಳಿಸುತ್ತದೆ. ಆಗ ಬರುವ ಬಿಲ್ ಮೇಲೆ ಹಾಕಿದ 2500 ಲೀಟರ್ ಲೆಕ್ಕವನ್ನೇ ಬುಡಮೇಲು ಮಾಡಬಲ್ಲದು. ಡೀಸೆಲ್‌ನಲ್ಲಿ ನೀರು ಸೇರಿದರೂ ಅಪಾಯ ಅದೇ ಪಂಪಿಗೆ. ಫಿಲ್ಟರ್ ಕೆಳಗಿನ ತಿರುಪನ್ನು ಮ್ಯಾನುಯಲ್ ಹೇಳಿದಂತೆ ಆಗಾಗ ಸಡಿಲಿಸಿ, ಸ್ವಚ್ಛ ಡೀಸೆಲ್ ಬರುವವರೆಗೆ ನೀರು ಹರಿಬಿಡಬೇಕು.

ಗಂಧಕ 10–15 ಪಿಪಿಎಂಗಿಂತ ಹೆಚ್ಚಿರುವ ಡೀಸೆಲ್ ಮಾತ್ರ ಸಿಗುವ ದೂರದ ಸೀಮೆಗಳಿಗೆ ಹೋಗುವವರಿಗೆ ಹೊಸ ಡೀಸೆಲ್ ಗಾಡಿಯನ್ನು ನಾನು ಹೇಳುವುದಿಲ್ಲ.

ಪೆಟ್ರೋಲ್‌ನ ತಲೆನೋವುಗಳು

ಪೆಟ್ರೋಲ್‌ಗೆ ಮಸಿಯ ಗೋಳು ಕಮ್ಮಿ, ಶಾಖದ ಗೋಳು ಹೆಚ್ಚು. ಕಾದು ಆರುವುದರಿಂದ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟ್ ತುಂಡಾಗುವುದು ಭಾರ ಎಳೆಯುವ ದೊಡ್ಡ ಪೆಟ್ರೋಲ್ ಎಂಜಿನ್‌ಗಳ ಹಳೆಯ ಕಾಯಿಲೆ. ಬೆಳಿಗ್ಗೆ ತಣ್ಣಗಿದ್ದಾಗ ಟಿಕ್ ಟಿಕ್ ಎಂದು, ಬಿಸಿಯಾದ ಮೇಲೆ ಸದ್ದು ನಿಂತರೆ ಅಲ್ಲಿ ನೋಡಿ. ಸ್ಪಾರ್ಕ್ ಪ್ಲಗ್‌ಗಳನ್ನು ಮ್ಯಾನುಯಲ್ ಹೇಳಿದ ಅಂತರಕ್ಕಿಂತ ಮೊದಲೇ ಬದಲಿಸುವುದು ಲೇಸು. ಸವೆದ ಪ್ಲಗ್ ಖಾಲಿ ಗಾಡಿಯಲ್ಲಿ ಏನೂ ತೋರಿಸಿಕೊಳ್ಳುವುದಿಲ್ಲ, ಟ್ರೈಲರ್ ಕಟ್ಟಿ ಏರು ಹತ್ತುವಾಗ, ಟರ್ಬೊದ ಒತ್ತಡ ತುಂಬ ಇದ್ದಾಗ, ಮಿಸ್ ಹೊಡೆಯಲು ಶುರುಮಾಡುತ್ತದೆ. ಉರಿಯದ ಪೆಟ್ರೋಲ್ ಕೆಟಲಿಟಿಕ್ ಕನ್ವರ್ಟರ್‌ನೊಳಗೆ ಹೋಗಿ ಅಲ್ಲಿ ಉರಿದು ಅದರ ಜೇನುಗೂಡನ್ನೇ ಕರಗಿಸಬಲ್ಲದು.

ನೇರ ಇಂಜೆಕ್ಷನ್ ಇರುವ ಟರ್ಬೊ ಪೆಟ್ರೋಲ್‌ಗಳಿಗೆ ಎಲ್‌ಎಸ್‌ಪಿಐ ಎಂಬ ಒಂದು ವಿಶೇಷ ಅಪಾಯವಿದೆ. ಕಡಿಮೆ ಆರ್‌ಪಿಎಂ, ಮೇಲೆ ಪೂರ್ತಿ ಭಾರ, ಆಗ ಕಿಡಿ ಬರುವ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಂಡು ಪಿಸ್ಟನ್ನನ್ನು ಮುರಿಯುವಷ್ಟು ಒತ್ತಡ ಎದ್ದುಬಿಡುತ್ತದೆ. ಎಪಿಐ ಎಸ್‌ಪಿ ದರ್ಜೆಯ ಆಯಿಲ್ ಬಂದಿರುವುದಕ್ಕೆ ಒಂದು ಕಾರಣ ಇದನ್ನು ತಡೆಯುವುದು. ಓಡಿಸುವವರ ಕೈಯಲ್ಲಿರುವ ಉಪಾಯ ಸುಲಭ: ಟ್ರೈಲರ್ ಇದ್ದಾಗ 2000 ಆರ್‌ಪಿಎಂ ಕೆಳಗೆ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ, ಗೇರ್ ಇಳಿಸಿ. ಡೀಸೆಲ್‌ನಲ್ಲೂ 1500ರ ಕೆಳಗೆ ಒತ್ತಿದರೆ ಮಸಿ ಹೆಚ್ಚುತ್ತದೆ, ಮ್ಯಾನುಯಲ್ ಗೇರಿನದಾದರೆ ಎಂಜಿನ್ ಕಂಪನ ನುಂಗುವ ಡ್ಯುಯಲ್ ಮಾಸ್ ಫ್ಲೈವೀಲ್ ಬಡಿಸಿಕೊಂಡು ಬೇಗ ಸಾಯುತ್ತದೆ. ಆಕ್ಟೇನ್ ವಿಷಯಕ್ಕೆ ಮ್ಯಾನುಯಲ್ ಎಳೆಯುವಾಗ ಹೆಚ್ಚಿನ ದರ್ಜೆ ಎಂದಿದ್ದರೆ ಕಂಜೂಸಿ ಮಾಡಬಾರದು. ಕಡಿಮೆ ಆಕ್ಟೇನ್‌ನಲ್ಲಿ ಎಂಜಿನ್ ನಾಕ್ (ಮಿಶ್ರಣ ತಪ್ಪಾಗಿ ಹೊತ್ತಿ ಬಡಿಯುವುದು) ತಪ್ಪಿಸಿಕೊಳ್ಳಲು ಕಿಡಿಯನ್ನು ತಡ ಮಾಡುತ್ತದೆ. ಶಕ್ತಿ ಇಳಿಯುತ್ತದೆ, ಹೊಗೆಯ ಶಾಖ ಏರುತ್ತದೆ, ಶಾಖ ಇಳಿಸಲು ಮತ್ತೆ ಹೆಚ್ಚು ಪೆಟ್ರೋಲ್.

ಹೈಬ್ರಿಡ್ ಪೆಟ್ರೋಲ್ ಬಗ್ಗೆ ಒಂದು ಮಾತು. ನಿಂತಲ್ಲಿಂದ ಹೊರಡುವಾಗ ಮೋಟಾರ್ ಚೆನ್ನಾಗಿ ನೂಕುತ್ತದೆ, ಆದರೆ ಹತ್ತು ಕಿ.ಮೀ. ಏರಿನ ನಡುವೆ ಸಣ್ಣ ಬ್ಯಾಟರಿ ಬರಿದಾದ ಮೇಲೆ ಉಳಿಯುವುದು ಪೆಟ್ರೋಲ್ ಎಂಜಿನ್‌ನ ಶಕ್ತಿ ಮಾತ್ರ. ಒಟ್ಟು ಶಕ್ತಿಯ ಅಂಕಿ ಬಿಟ್ಟು ಎಂಜಿನ್‌ನ ಅಂಕಿಯನ್ನು ಮೇಲಿನ 106 ಕಿಲೊವಾಟ್ ಜೊತೆ ಹೋಲಿಸಿ.

ಇಳಿಜಾರು, ತೂಕ, ಗೇರ್‌ಬಾಕ್ಸ್

ಡೀಸೆಲ್ ಎಂದರೆ ಒಳ್ಳೆಯ ಎಂಜಿನ್ ಬ್ರೇಕ್ ಎನ್ನುವ ನಂಬಿಕೆ ಲಾರಿಗಳಿಂದ ಬಂದದ್ದು. ಲಾರಿಯಲ್ಲಿ ಹೊಗೆಯ ದಾರಿ ಮುಚ್ಚಿ ಎಂಜಿನನ್ನು ತಡೆಯುವ ಎಗ್ಸಾಸ್ಟ್ ಬ್ರೇಕ್ ಇರುತ್ತದೆ, ದೊಡ್ಡ ಪಿಕಪ್‌ಗಳಲ್ಲೂ ಇರುತ್ತದೆ. ಸಾಮಾನ್ಯ ಡೀಸೆಲ್ ಎಸ್‌ಯುವಿಯಲ್ಲಿ ಇರುವುದು ಅಪರೂಪ. ಪೆಟ್ರೋಲ್ ಎಂಜಿನ್ ಆಕ್ಸಿಲರೇಟರ್ ಬಿಟ್ಟಾಗ ಗಾಳಿಯ ಬಾಗಿಲು ಮುಚ್ಚಿ, ಮುಚ್ಚಿದ ಬಾಗಿಲಿನಾಚೆಯಿಂದ ಗಾಳಿ ಎಳೆಯಲು ತಿಣುಕುತ್ತ ಗಾಡಿಯನ್ನು ತಡೆಯುತ್ತದೆ. ಡೀಸೆಲ್‌ಗೆ ಆ ತಡೆ ಇಲ್ಲ. ಕಂಪ್ರೆಷನ್ ಹೆಚ್ಚಿದ್ದರೂ ಒತ್ತಿದ ಗಾಳಿ ಮತ್ತೆ ಪಿಸ್ಟನ್ನನ್ನು ನೂಕಿ ಪಡೆದದ್ದನ್ನು ವಾಪಸ್ ಕೊಟ್ಟುಬಿಡುತ್ತದೆ. ಜೊತೆಗೆ ಪೆಟ್ರೋಲ್ ಎಂಜಿನ್ 5000ದವರೆಗೂ ತಿರುಗಬಲ್ಲದ್ದರಿಂದ ಇನ್ನೊಂದು ಗೇರ್ ಕೆಳಗೆ ಹೋಗಲು ಅವಕಾಶವಿದೆ.

ನಮ್ಮ 4500 ಕೆ.ಜಿ. ಜೋಡಿ ಶೇ 6ರ ಇಳಿಜಾರಿನಲ್ಲಿ 60 ಕಿ.ಮೀ. ವೇಗದಲ್ಲಿ ನಿಲ್ಲಬೇಕಾದರೆ ಗಾಳಿ, ಟೈರ್ ತಡೆ ಕಳೆದು ಉಳಿಯುವ 25 ಕಿಲೊವಾಟ್‌ಗೂ ಹೆಚ್ಚು ಶಕ್ತಿಯನ್ನು ಎಂಜಿನ್ ಮತ್ತು ಬ್ರೇಕ್ ಸೇರಿ ನುಂಗಬೇಕು. ಅದು ಪೂರ್ತಿ ಬ್ರೇಕ್ ಪಾಲಾದರೆ ಕೆಲವೇ ನಿಮಿಷದಲ್ಲಿ ಪೆಡಲ್ ಮೆತ್ತಗಾಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಬ್ರೇಕನ್ನು ಒತ್ತಿಯೇ ಇಡದೆ, ಗಟ್ಟಿಯಾಗಿ ಒತ್ತಿ ವೇಗವನ್ನು ಹತ್ತು ಕಿ.ಮೀ. ಇಳಿಸಿ, ಪೂರ್ತಿ ಬಿಡಿ. ಟ್ರೈಲರ್‌ಗೆ ನೂಕು ಬಿದ್ದಾಗ ಮಾತ್ರ ಹಿಡಿಯುವ ಓವರ್‌ರನ್ ಬ್ರೇಕ್ ಇದ್ದರೆ ಈ ಬಿಡುವ ಹೊತ್ತು ಅದಕ್ಕೂ ಆರಲು ಬೇಕು. ಡೀಸೆಲ್ ಕೊಳ್ಳುವವರು ಎಗ್ಸಾಸ್ಟ್ ಬ್ರೇಕ್ ಇದೆಯೇ ಎಂದು ಕೇಳಲಿ. ಇಲ್ಲವೆಂದರೆ ಟ್ರೈಲರ್ ಬ್ರೇಕ್‌ನ ಸ್ಥಿತಿ ಇನ್ನೂ ಮುಖ್ಯವಾಗುತ್ತದೆ.

ಡೀಸೆಲ್ ಎಂಜಿನ್ ಭಾರ. ಎಸ್‌ಯುವಿಗಳಲ್ಲಿ 50ರಿಂದ 100 ಕೆ.ಜಿ. ಅಂತರ ಸಾಮಾನ್ಯ, ದೊಡ್ಡ ಪಿಕಪ್‌ಗಳಲ್ಲಿ ಇನ್ನೂ ಹೆಚ್ಚು. ಇದು ನೇರವಾಗಿ ಹೊರುವ ಸಾಮರ್ಥ್ಯದಿಂದ ಕಳೆದುಹೋಗುತ್ತದೆ. ಗಾಡಿಯ ಗರಿಷ್ಠ ತೂಕ 2750 ಕೆ.ಜಿ. ಎಂದುಕೊಳ್ಳಿ. ಖಾಲಿ ತೂಕ ಪೆಟ್ರೋಲ್‌ಗೆ 2080, ಡೀಸೆಲ್‌ಗೆ 2160 ಇದ್ದರೆ ಹೊರಲು ಉಳಿಯುವುದು 670 ಮತ್ತು 590. ನಾಲ್ಕು ಜನ 300, ಸಾಮಾನು 100, ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) 30, ಹಿಚ್ ಬಾಲ್ (ಅದರ ಗುಂಡು) ಮೇಲೆ 2000 ಕೆ.ಜಿ. ಟ್ರೈಲರ್‌ನ ಶೇ 10 ಅಂದರೆ 200. ಒಟ್ಟು 630. ಪೆಟ್ರೋಲ್‌ನಲ್ಲಿ 40 ಕೆ.ಜಿ. ಉಳಿಯಿತು, ಡೀಸೆಲ್ 40 ಮೀರಿತು. ಕ್ಯಾಟಲಾಗ್‌ನಲ್ಲಿ ಡೀಸೆಲ್ ಮಾದರಿಗೆ ಹೆಚ್ಚು ಎಳೆಯುವ ಅಂಕಿ ಬರೆದಿದ್ದರೂ ಕುಟುಂಬ ಸಮೇತ ಅದನ್ನು ಮುಟ್ಟಲಾಗದಿರುವುದು ಹೀಗೆ. ಎಳೆಯುವ ಅಂಕಿ, ಗಾಡಿಯ ಗರಿಷ್ಠ ತೂಕ, ಜೋಡಿಯ ಒಟ್ಟು ಗರಿಷ್ಠ ತೂಕ, ಬಾಲ್ ಮೇಲಿನ ಮಿತಿ, ಹಿಂದಿನ ಆಕ್ಸಲ್ ಮಿತಿ ಐದನ್ನೂ ಒಟ್ಟಿಗೆ ನೋಡಿ. ಬಾಲ್ ಮಿತಿ ಮಾರುಕಟ್ಟೆಯಿಂದ ಮಾರುಕಟ್ಟೆಗೆ ಬೇರೆ. ಯುರೋಪಿನ ಬಹಳ ಗಾಡಿಗಳಿಗೆ ಅದು ಟ್ರೈಲರ್ ತೂಕದ ಶೇ 10ಕ್ಕಿಂತ ತುಂಬ ಕಡಿಮೆ ಇರುತ್ತದೆ.

ಆ ಎಳೆಯುವ ಅಂಕಿ ಬರುವುದು ಎಂಜಿನ್ ಒಂದರಿಂದ ಅಲ್ಲ. ಯುರೋಪಿನ ನಿಯಮದಲ್ಲೂ ಅಮೆರಿಕದ ಎಸ್‌ಎಇ ಜೆ2807 ಎಂಬ ಪರೀಕ್ಷಾ ಮಾನದಂಡದಲ್ಲೂ ಶೇ 12ರ ಏರಿನಲ್ಲಿ ನಿಂತ ಜೋಡಿ ಐದು ನಿಮಿಷದಲ್ಲಿ ಐದು ಸಲ ಹೊರಡಬೇಕು. ಜೆ2807 ಇದರ ಮೇಲೆ ಅರಿಜೋನದ ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿ, ಅಂದರೆ 18 ಕಿ.ಮೀ.ಗೂ ಮೀರಿದ ಏರನ್ನು ಎಸಿ ಹಾಕಿಕೊಂಡು ಸುಡುಬಿಸಿಲಿನಲ್ಲಿ ಹತ್ತಿಸುತ್ತದೆ. ಮೊದಲ ಪರೀಕ್ಷೆ ಕ್ಲಚ್ ಮತ್ತು ಟಾರ್ಕ್ ಕನ್ವರ್ಟರ್‌ನದು (ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ), ಎರಡನೆಯದು ಕೂಲಿಂಗ್‌ನದು. ಹೀಗಾಗಿ ಗೇರ್‌ಬಾಕ್ಸ್ ಬಗ್ಗೆ ನನ್ನದು ಸ್ವಲ್ಪ ಹಟದ ಅಭಿಪ್ರಾಯ: ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಇರುವ ಪೆಟ್ರೋಲ್, ಒಣ (ಎಣ್ಣೆಯಲ್ಲಿ ಮುಳುಗಿರದ) ಡ್ಯುಯಲ್ ಕ್ಲಚ್ ಇರುವ ಡೀಸೆಲ್‌ಗಿಂತ ಟ್ರೈಲರ್‌ಗೆ ಮೇಲು. ಏರಿನಲ್ಲಿ ಟ್ರೈಲರನ್ನು ಹಿಮ್ಮುಖವಾಗಿ ಅಂಗಳಕ್ಕೆ ತಳ್ಳುವ ಹತ್ತು ನಿಮಿಷದಲ್ಲಿ ಒಣ ಕ್ಲಚ್ ಸುಟ್ಟ ವಾಸನೆ ಬರಿಸುತ್ತದೆ, ಎಂಜಿನ್ ಯಾವುದಿದ್ದರೂ.

ಆಟೊಮ್ಯಾಟಿಕ್‌ನ ಆಯಿಲ್ 80–95 ಡಿಗ್ರಿಯಲ್ಲಿ ನೆಮ್ಮದಿಯಾಗಿರುತ್ತದೆ, 120 ದಾಟಿದರೆ ಬೇಗ ಕೆಡುತ್ತದೆ. ಏರಿನಲ್ಲಿ ಗಾಡಿ ಐದು ಆರು, ಆರು ಐದು ಎಂದು ಗೇರ್ ಬದಲಿಸುತ್ತಲೇ ಇದ್ದರೆ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಜಾರುತ್ತ ಆ ಶಾಖ ಏಳುತ್ತದೆ. ಟೋ ಮೋಡ್ (ಟ್ರೈಲರ್ ಎಳೆಯಲೆಂದೇ ಇರುವ ಗೇರ್ ವ್ಯವಸ್ಥೆ) ಒತ್ತಿ, ಇಲ್ಲದಿದ್ದರೆ ಕೈಯಿಂದ ಒಂದು ಗೇರ್ ಕೆಳಗೆ ಕಟ್ಟಿಹಾಕಿ. ಟರ್ಬೊ ಇಲ್ಲದ ಪೆಟ್ರೋಲ್‌ನಲ್ಲಿ ಈ ತಡವರಿಕೆ ಹೆಚ್ಚು. ಏರು ಮುಗಿಸಿ ನಿಂತಾಗ ಟರ್ಬೊ ಇರುವ ಯಾವುದೇ ಎಂಜಿನನ್ನು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ಎಂಜಿನ್ ಆಯಿಲ್ ಬದಲಿಸುವ ಅಂತರವನ್ನೂ ಎಳೆಯುವವರು ಅರ್ಧಕ್ಕೆ ಇಳಿಸಬೇಕು, 15,000 ಎಂದಿದ್ದರೆ 7,500.

ಯಾರಿಗೆ ಯಾವುದು, ಹಳೆಯದಾದರೆ ಏನು ನೋಡಬೇಕು

ಟ್ರೈಲರ್ 1500 ಕೆ.ಜಿ. ಒಳಗೆ, ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿ.ಮೀ. ಎಳೆತ, ಉಳಿದದ್ದೆಲ್ಲ ಊರೊಳಗಿನ ಓಡಾಟ ಎಂದರೆ ಟರ್ಬೊ ಪೆಟ್ರೋಲ್ ತೆಗೆದುಕೊಳ್ಳಿ. ಎರಡು ಟನ್ ಮೀರಿ, ತಿಂಗಳಿಗೆ ಹಲವು ಸಲ, ಹೆದ್ದಾರಿಯಲ್ಲಿ ದೂರದೂರ ಎಂದರೆ ಡೀಸೆಲ್ ಬಿಟ್ಟು ಬೇರೆ ಯೋಚನೆ ಬೇಡ. ನಡುವೆ ಇರುವವರು ಒಂದೇ ಪ್ರಶ್ನೆ ಹಾಕಿಕೊಳ್ಳಲಿ: ಟ್ರೈಲರ್ ಇಲ್ಲದ ವಾರದಲ್ಲೂ ಗಾಡಿ ಒಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಬಿಸಿಯಾಗಿ ಓಡುತ್ತದೆಯೇ? ಹೌದಾದರೆ ಡೀಸೆಲ್ ಆರೋಗ್ಯವಾಗಿರುತ್ತದೆ. ಇಲ್ಲವಾದರೆ ಪೆಟ್ರೋಲ್ ತೆಗೆದುಕೊಂಡು ಏರಿನಲ್ಲಿ ಹೆಚ್ಚು ಕುಡಿಯುವುದನ್ನು ಸಹಿಸಿಕೊಳ್ಳುವುದೇ ಅಗ್ಗ. ಕೆಲವು ನಗರಗಳಲ್ಲಿ ಹಳೆಯ ಡೀಸೆಲ್‌ಗೆ ಪ್ರವೇಶ ಮಿತಿಗಳಿವೆ, ಮರುಮಾರಾಟದ ಬೆಲೆಯನ್ನು ಅದೂ ಎಳೆಯುತ್ತದೆ.

ಹಳೆಯ ಗಾಡಿ ನೋಡಲು ಹೋದಾಗ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿಡಿ. ಬಾನೆಟ್ ಮೇಲೆ ಕೈಯಿಟ್ಟು ಬಿಸಿಯಿದ್ದರೆ ಇನ್ನೊಂದು ದಿನ ಬನ್ನಿ. ಡೀಸೆಲ್‌ನಲ್ಲಿ ಡಿಪ್‌ಸ್ಟಿಕ್ ನೋಡಿ, ಆಮೇಲೆ ಹೊಗೆಕೊಳವೆಯ ಒಳಗೆ ಬೆರಳು ಉಜ್ಜಿ. ಡಿಪಿಎಫ್ ಸರಿಯಿದ್ದರೆ ಬೆರಳಿಗೆ ಮಸಿ ಹತ್ತುವುದಿಲ್ಲ, ಕಪ್ಪಾದರೆ ಫಿಲ್ಟರ್ ಒಡೆದಿದೆ ಅಥವಾ ಯಾರೋ ಕಿತ್ತು ಹಾಕಿದ್ದಾರೆ. ಒಬಿಡಿ ಸಾಧನ (ಗಾಡಿಯ ಕಂಪ್ಯೂಟರ್‌ನ ಮಾಹಿತಿ ಓದುವ ಸಾಧನ) ಹಾಕಿ ಕೊನೆಯ ರೀಜನರೇಷನ್ ಆಗಿ ಎಷ್ಟು ದೂರವಾಯಿತು ಎಂದು ಓದಿ. ಎರಡು ರೀಜನರೇಷನ್ ನಡುವೆ ನೂರು ಕಿ.ಮೀ. ಕೂಡ ಇರದಿದ್ದರೆ ಫಿಲ್ಟರ್ ಬೂದಿಯಿಂದ ತುಂಬಿದೆ ಅಥವಾ ಇಂಜೆಕ್ಟರ್ ಸರಿಯಿಲ್ಲ. ಪೆಟ್ರೋಲ್‌ನಲ್ಲಿ ತಣ್ಣನೆ ಸ್ಟಾರ್ಟ್‌ನ ಮೊದಲ ನಿಮಿಷ ಟಿಕ್ ಸದ್ದು, ನೀಲಿ ಹೊಗೆ ಗಮನಿಸಿ. ಎರಡರಲ್ಲೂ ಗೇರ್‌ಬಾಕ್ಸ್ ಆಯಿಲ್ ಹೊಸದಾಗಿ ಬದಲಿಸಿದ ಬಿಲ್ ಕೇಳಿ. ಹಿಚ್ ಬಾಲ್‌ನ ಮೇಲ್ಮೈ ಸವೆದು ಹೊಳೆಯುತ್ತಿದ್ದು, ಮಾಲೀಕರು "ಒಂದೆರಡು ಸಲ ಎಳೆದಿದ್ದು ಅಷ್ಟೇ" ಎಂದರೆ ಬಾಲ್ ಹೇಳುವುದನ್ನು ನಂಬಿ.

ಕೊಳ್ಳುವ ಮೊದಲು ಸಾಧ್ಯವಾದರೆ ನಿಮ್ಮದೇ ಟ್ರೈಲರ್, ಪ್ರಯಾಣಕ್ಕೆ ಹೊರಟಾಗ ತುಂಬುವಷ್ಟೇ ತುಂಬಿ, ಹತ್ತಿರದ ಒಳ್ಳೆಯ ಏರಿಗೆ ಒಯ್ಯಿರಿ. ಏರಿನ ನಡುವೆ ಸುರಕ್ಷಿತ ಜಾಗ ನೋಡಿ ಪೂರ್ತಿ ನಿಲ್ಲಿಸಿ, ಮತ್ತೆ ಹೊರಡಿಸಿ. ಕೂಲೆಂಟ್ ಮತ್ತು ಗೇರ್‌ಬಾಕ್ಸ್ ಆಯಿಲ್‌ನ ಶಾಖವನ್ನು ಒಬಿಡಿಯಲ್ಲಿ ನೋಡುತ್ತ ತುದಿ ಮುಟ್ಟಿ. ಅಲ್ಲಿ ಗೇರ್‌ಬಾಕ್ಸ್ 110 ಡಿಗ್ರಿ ದಾಟಿದ್ದರೆ ಬೇರೆ ಕೂಲರ್ ಹಾಕಿಸುವ ಖರ್ಚನ್ನೂ ಬೆಲೆಯಲ್ಲಿ ಕಳೆದು ಮಾತಾಡಿ.